ಸುಟ್ಟ ಕಂಬಕ್ಕೆ ಸುಣ್ಣ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಎದುರಿನ ಗೋದಾಮಿನಲ್ಲಿ ದುಡಿಯುವ ಬಂಧುಗಳೇ, ಸಭಿಕರೇ,

ಅಧ್ಯಕ್ಷರು ಆ ಗೋದಾಮಿನ ಮಾಲೀಕರು, ನನ್ನ ಒಡಹುಟ್ಟಿದ ಅಣ್ಣ. ಕಳೆದ ವರ್ಷ ಬೆಂಕಿಯಲ್ಲಿ ಬೆಂದ ಆ ಕಟ್ಟಡದ ಪುನರಾರಂಭ ಇಂದು. ಅದನ್ನು ಪರೀಕ್ಷಿಸಿದ ಪ್ರಯೋಗಾಲಯದ ಮುಖ್ಯಸ್ಥೆ ಎಂದು ನನಗೆ ಸನ್ಮಾನ. "ಇವರೇ ಕಟ್ಟಡವನ್ನು ಪಾಸು ಮಾಡಿದವರು" ಎಂದು ಪರಿಚಯಿಸಿದರು, ನೀವು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನಾನು ಪಾಸು ಮಾಡಿಲ್ಲ.

ಪಾಸಾದದ್ದು ಮರಳಿನ ಮೂಟೆಯ ಪರೀಕ್ಷೆ. ಮಹಡಿಯ ಮೇಲೆ ಮೂಟೆಗಳನ್ನು ಮೆಲ್ಲಗೆ ಪೇರಿಸಿ, ಎಷ್ಟು ಬಾಗುತ್ತದೆ ಎಂದು ನೋಡುವುದು. ಬಾಗಲಿಲ್ಲ, ನಿಜ. ಆದರೆ ಮಲಗಿದ ರೋಗಿಗೆ ಕಂಬಳಿ ಹೊದಿಸಿ, ತಡೆದುಕೊಂಡ, ಗುಣವಾದ ಎನ್ನುವವನನ್ನು ನೀವು ವೈದ್ಯ ಎನ್ನುತ್ತೀರಾ?

ಇನ್ನೊಂದು ಪರೀಕ್ಷೆಯೂ ನಡೆದಿತ್ತು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಪೆಟ್ಟು ಬಿದ್ದು ಬಿರುಕು ಬಿಟ್ಟರೂ ಸರಳನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತದೆ. ಬೆಂಕಿಯಲ್ಲಿ ಬೆಂದರೆ ಆ ಹಿಡಿತ ಸಡಿಲವಾಗುತ್ತದೆ. ಕಾದ ಮೈಗೆ ತಣ್ಣೀರು ಬಿದ್ದರೆ ಒಳಗೆಲ್ಲ ಸಣ್ಣ ಬಿರುಕು. ಬೆಂಕಿ ಆರಿಸುವವರು ನೀರು ಹೊಡೆಯಲೇಬೇಕಿತ್ತು, ಅವರನ್ನು ದೂರುತ್ತಿಲ್ಲ. ಸುಟ್ಟ ಕಡೆಯಿಂದ ಕೊಯ್ದು ತಂದ ತೊಲೆಯ ಮೇಲೆ ಕಬ್ಬಿಣದ ಗುಂಡನ್ನು ಎತ್ತಿ ಬಿಟ್ಟೆವು. ಬೇಯದ ತೊಲೆ ಅದೇ ಪೆಟ್ಟಿಗೆ ಕೂದಲೆಳೆಯಷ್ಟು ಬಿರಿದಿತ್ತು. ಇದು ಪುಡಿಪುಡಿಯಾಗಿ ಉದುರಿತು, ಸರಳುಗಳು ಬೆತ್ತಲೆಯಾಗಿ ಉಳಿದವು.

ಅಣ್ಣನನ್ನು ಕರೆದು ತೋರಿಸಿದೆ. "ನಮ್ ಗೋದಾಮಿಗೆ ಯಾರಮ್ಮ ಬಂದು ಸುತ್ತಿಗೇಲಿ ಹೊಡೀತಾರೆ?" ಅಂದ.

ಯಾರು ಹೊಡೆಯುತ್ತಾರೆ? ಇಲ್ಲಿ ಕುಳಿತಿರುವ ಚಾಲಕರನ್ನು ಕೇಳಿ. ಸರಕು ಎತ್ತುವ ಗಾಡಿ ಹಿಂದಕ್ಕೆ ತಿರುಗುವಾಗ ಕಂಬಕ್ಕೆ ತಾಗದ ದಿನವಿತ್ತೇ? ಬೆಂಕಿಗೆ ಮೊದಲೇ ಕಂಬಗಳ ಮೂಲೆಗಳು ಸೊಂಟದೆತ್ತರದವರೆಗೆ ಕಿತ್ತುಹೋಗಿರಲಿಲ್ಲವೇ? ಈಗ ಗಾರೆ ಮೆತ್ತಿ ಸುಣ್ಣ ಬಳಿದಿದ್ದಾರೆ. ಹೊರಗೆ ಥಳಕು, ಒಳಗೆ ಹುಳುಕು. ಇದಕ್ಕೆ ನನ್ನ ಹೆಸರು ಬೇರೆ!

ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ಏನು ಮಾಡಲಿ, ನನ್ನ ಕಸುಬೇ ಜಂತಿ ಎಣಿಸುವುದು. ಅಪ್ಪ ತೀರಿಕೊಂಡ ಮೇಲೆ ತಾನು ಮೂಟೆ ಹೊತ್ತು ನನ್ನನ್ನು ಓದಿಸಿದವನು ಈ ಅಣ್ಣ. ಹೆರಿಗೆಯಲ್ಲಿ ಅತ್ತಿಗೆ ಹೋದಾಗ ಅವನ ಮಗಳನ್ನು ಎತ್ತಿಕೊಂಡವಳು ನಾನು. ಮದುವೆ ಬೇಡವೆಂದೆ, ಅವಳಿದ್ದಳಲ್ಲ. ಇದನ್ನೆಲ್ಲ ಹೇಳಲು ಬಂದಿರಲಿಲ್ಲ, ಕ್ಷಮಿಸಿ. ಅವಳು ನಾಳೆಯಿಂದ ಗೋದಾಮಿನ ಉಸ್ತುವಾರಿ. ಅವಳ ಮೇಜನ್ನು ಎಲ್ಲಿ ಹಾಕಿದ್ದಾರೆ ಗೊತ್ತೇ? ನಡುವಿನ ಕಂಬಕ್ಕೆ ಒತ್ತಿ, ಗಾಡಿಗಳು ತಿರುಗುವ ಜಾಗದಲ್ಲಿ. ಬೆಂಕಿ ಹೆಚ್ಚು ಹೊತ್ತು ಉರಿದದ್ದೂ ಅಲ್ಲೇ.

ಅಧ್ಯಕ್ಷರೇ, ಒಂದು ವಿನಂತಿ. ಈಗಲೇ ಹೋಗಿ ಆ ಮೇಜಿನ ಕುರ್ಚಿಯಲ್ಲಿ ನೀವು ಕೂರಿ. ಚಾಲಕರು ದಿನದಂತೆ ಗಾಡಿ ತಿರುಗಿಸಲಿ, ದಿನದಂತೆ ಕಂಬಕ್ಕೆ ತಾಗಲಿ. ನೀವು ಕೂತರೆ ನಾನು ಇಲ್ಲೇ, ಎಲ್ಲರ ಎದುರಿಗೆ, ಪಾಸು ಎಂದು ಹೇಳುತ್ತೇನೆ.

ಏಳುತ್ತಿಲ್ಲವಲ್ಲ?

ನಿನಗೂ ಗೊತ್ತು, ಅಣ್ಣ. ಗೊತ್ತಿದ್ದೂ ಅವಳನ್ನು ಕೂರಿಸ್ತೀಯಾ?

ಚಾಲಕ ಬಂಧುಗಳೇ, ಗಾಡಿಯ ಕೀಲಿ ನಿಮ್ಮ ಜೇಬಿನಲ್ಲಿದೆ. ಆ ಕಂಬಗಳನ್ನು ಒಡೆದು ಹೊಸದಾಗಿ ಕಟ್ಟುವವರೆಗೆ ಅಲ್ಲೇ ಇರಲಿ. ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾಳೆ ನನ್ನ ಮಗಳು. ಅಪ್ಪನ ಮುಖ ನೋಡಬೇಡ ಕಂದ, ಎದ್ದು ಬಾ.

ಎದ್ದಳು. ಸಭಿಕರೇ, ಕಾಲು ಸ್ವಲ್ಪ ಒಳಗೆಳೆದುಕೊಂಡು ಅವಳಿಗೆ ದಾರಿ ಬಿಡಿ. ಇಷ್ಟು ಹೊತ್ತು ಕೇಳಿದ್ದಕ್ಕೆ, ದಾರಿ ಬಿಡುತ್ತಿರುವುದಕ್ಕೆ, ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.