ಬಿಳಿ ಅಂಚಿನ ಲಾರಿ

ಆ ಬೆಳಿಗ್ಗೆ ಇಂಗ್ಲೆಂಡಿನ ಲೌತ್ ಊರಿನಲ್ಲಿ ಮಂಜು ಕವಿದು ಚರ್ಚಿನ ಗೋಪುರ ಕಾಣುತ್ತಿರಲಿಲ್ಲ. ದೇವರ ದಯೆ, ಗಂಟೆ ಮಾತ್ರ ಕೇಳುತ್ತಿತ್ತು. ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಮುದುಕಿ ಮೇವಿಸ್, ಅವಳ ಜೊತೆ ಹಳೆಯ ಲಾರಿಗಳ ಗುರುತು ಬಲ್ಲ ಸಿರಿಲ್.

“ನಮ್ಮಪ್ಪನ ಫೋಟೋ ನೀನು ಒಯ್ದು ತಿಂಗಳಾಯ್ತು. ಅದರಲ್ಲಿರೋದು ಮಿಲಿಟರಿ ಲಾರಿನೇ ತಾನೆ?” ಅಂದಳು ಮೇವಿಸ್.

“ಚಪ್ಪಟೆ ಮೂತಿ ನೋಡಿ ನಾನೂ ಹಂಗೇ ಅಂದ್ಕೊಂಡೆ. ತಪ್ಪಾಯ್ತು, ಮಾರಾಯ್ತಿ.”

“ನೀನು ತಪ್ಪು ಒಪ್ಕೊಂಡ್ಯಾ? ಹಂಗಾದ್ರೆ ಇವತ್ತು ಬಸ್ಸೂ ಹೊತ್ತಿಗೆ ಸರಿಯಾಗಿ ಬರುತ್ತೆ.”

“ಕೇಳಿಲ್ಲಿ. ಯುದ್ಧದಾಗ ಊರಲ್ಲಿ ಸಾಮಾನು ಸಾಗಿಸೋ ಬೆಡ್‌ಫರ್ಡ್ ಕಂಪನಿ ಲಾರಿಗೂ ಅದೇ ಮೂತಿ ಇಟ್ಟಿದ್ರು. ಮಡ್‌ಗಾರ್ಡ್ ಅಂಚಿಗೆ ಬಿಳಿ ಬಣ್ಣ ನೋಡು. ಬಾಂಬಿನ ಭಯಕ್ಕೆ ದೀಪ ಆರಿಸಿದ್ದ ಬೀದೀಲಿ ಜನಕ್ಕೆ ಕಾಣ್ಲಿ ಅಂತ ಬಳೀತಿದ್ರು. ಬಾನೆಟ್ ಮೇಲೆ ಸೈನ್ಯದ ನಂಬರೂ ಇಲ್ಲ. ಇದು ನಿಮ್ಮಪ್ಪ ಸೈನ್ಯಕ್ಕೆ ಸೇರೋ ಮುಂಚೆ ಓಡಿಸ್ತಿದ್ದ ಕಲ್ಲಿದ್ದಲು ಲಾರಿ.”

ಮೇವಿಸ್ ಅವನ ಕೈಲಿದ್ದ ಫೋಟೋದತ್ತ ಬಾಗಿದಳು.

“ಯುದ್ಧಕ್ಕೆ ಹೋದೋರು ವಾಪಸ್ ಬರ್ಲಿಲ್ಲ. ಅವರ ಜೊತೆ ಇದ್ದಿದ್ದು ನಂಗೇನೂ ನೆನಪಿಲ್ಲ. ಲಾರಿ ಕಿಟಕೀಲಿ ಪುಟ್ಟ ಕೈಯೊಂದು ಕಾಣುತ್ತಲ್ಲ, ಅದು ಸೈನ್ಯದ ಕ್ಯಾಂಪಿನ ಯಾರದೋ ಮಗು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ.”

“ಇದು ಕ್ಯಾಂಪಿಂದಲ್ಲ, ಊರಿನ ಲಾರಿ, ಮೇವಿಸ್. ಅವರಿಗಿದ್ದ ಮಗು ನೀನೊಬ್ಬಳೇ ಅಲ್ವಾ?”

ಬಸ್ಸು ಬಂತು. ಮೆಟ್ಟಿಲೇರಿ ತಿರುಗಿ ನಿಂತ ಅವಳಿಗೆ ಸಿರಿಲ್ ಕೈಗವಸು ಕಳಚಿ, ಎರಡೂ ಕೈಯಿಂದ ಆ ಫೋಟೋವನ್ನು ಹಿಂದಿರುಗಿಸಿದ.