ಮನೇಲಿ ಮಲಗಿರೋರೆಲ್ಲ ಏಳಿ

ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ನಡೆದದ್ದು ನಮ್ಮ ದೊಡ್ಡಮ್ಮನ ಮಗಳಿಗೆ, ಅದೇ ಹೊಲಿಗೆ ಕೆಲಸದವಳಿಗೆ. ರಾತ್ರಿ ಹನ್ನೊಂದು ದಾಟಿತ್ತು. ಯಾರದೋ ಮನೆಗೆ ಹೊಲಿದ ಪರದೆ ಕೊಟ್ಟು ಒಬ್ಬಳೇ ಬರುತ್ತಿದ್ದಳು. ನಮ್ಮ ಬೀದಿ ತಿರುವಿನಲ್ಲಿ ಬತ್ತಿದ ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಬಲೆ ಹಾಕಿರೋದು... ಅದರ ಪಕ್ಕದ್ದೇ ಕನ್ನಡಕದಂಗಡಿಯವನ ಮನೆ. ಬೀಗ ಹಾಕಿ ನಾಲ್ಕು ತಿಂಗಳಾಗಿತ್ತು. ಬೀಗದ ಕೈ ಇವಳ ಹತ್ತಿರವೇ.

ಆ ಮನೆಯ ಸಂಗತಿ ಮೊದಲು ಕೇಳಿ. ಊರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡಿದವನಿಗೆ ತನ್ನ ಮನೆಯೊಳಗಿನದು ಕಾಣಲಿಲ್ಲ. ಹೆಂಡತಿ ಒಂದು ವರ್ಷ ನಡುಕೋಣೆಯಲ್ಲಿ ಮಂಚ ಹಿಡಿದಳು. ಕೊನೆಕೊನೆಗೆ ಮಾತೂ ನಿಂತಿತು. ನೀರು ಬೇಕಾದರೆ, ಮಗ್ಗುಲು ಹೊರಳಿಸಬೇಕಾದರೆ, ಮಂಚದ ಕಂಬಿಗೆ ಚಮಚದಿಂದ ಬಡಿಯೋಳು. ಟಣ್... ಟಣ್... ಟಣ್. ಮೂರು ಸಲ. ಮೊದಮೊದಲು ಎದ್ದು ಓಡುತ್ತಿದ್ದ. ಆಮೇಲೆ ಮಹಾನುಭಾವ ಕಿವಿಗೆ ಹತ್ತಿ ತುರುಕಿಕೊಂಡು ಮಲಗೋಕೆ ಶುರುಮಾಡಿದ! ನನಗೆ ಹೇಗೆ ಗೊತ್ತು ಅಂತೀರಾ? ಬೆಳಿಗ್ಗೆ ಕಸ ಸುರಿಯೋಕೆ ಬಂದಾಗಲೂ ಒಂದು ಕಿವಿಯಲ್ಲಿ ಹತ್ತಿ ಹಾಗೇ ಇರೋದು. ಅವಳು ತೀರಿಹೋದ ರಾತ್ರಿ ಆ ಸದ್ದು ಬೀದಿಗೆಲ್ಲ ಕೇಳಿಸಿತು, ಅವನೊಬ್ಬನಿಗೆ ಬಿಟ್ಟು. ನಾವೂ ಎದ್ದು ಹೋಗಲಿಲ್ಲ ಅನ್ನಿ. ಗಂಡ ಇದ್ದಾನಲ್ಲ ಅಂದುಕೊಂಡೆವು.

ಆಮೇಲೆ ಆರು ವರ್ಷದ ಮಗಳನ್ನ ಕರಕೊಂಡು ಬೇರೆ ಊರಿಗೆ ಹೋದ. ಆ ಮಗುವಿಗೆ ಅಮ್ಮನ ದನಿ ಕೇಳದೆ ನಿದ್ದೆ ಇಲ್ಲ. ಮಾತು ನಿಲ್ಲೋ ಮುಂಚೆ ತಾಯಿ ಮಗಳಿಗಂತ ಒಂದಷ್ಟು ಕತೆ ಹೇಳಿ ಕಂಪ್ಯೂಟರಿನಲ್ಲಿ ತುಂಬಿಸಿಟ್ಟಿದ್ದಳು. ಆ ಕಂಪ್ಯೂಟರ್ ಇರೋದು ಅದೇ ನಡುಕೋಣೆಯಲ್ಲಿ, ಮಂಚದ ತಲೆಕಡೆ. ಆ ಕೋಣೆಗೆ ಕಾಲಿಡೋ ಧೈರ್ಯ ಇಲ್ಲದೆ ಅಲ್ಲೇ ಬಿಟ್ಟುಹೋದ. "ಫೋನಿಗಾದರೂ ಇಳಿಸಿಕೊಳ್ಳೋ" ಅಂತ ನಮ್ಮವಳು ಎಷ್ಟು ಸಲ ಬಡಕೊಂಡಳೋ. "ನಾಳೆ ಅಕ್ಕ, ನಾಳೆ" ಅನ್ನೋನು.

ಹಗಲು ರಾತ್ರಿ ಓಡಿದರೆ ಕೆಡುತ್ತೆ ಅಂತ ಕಂಪ್ಯೂಟರನ್ನ ಮಲಗಿಸಿಯೇ ಹೋಗಿದ್ದ. ಮಗು ಮಲಗೋ ಹೊತ್ತಿಗೆ ಆ ಊರಿಂದಲೇ ಎಬ್ಬಿಸಿ, ಕತೆಯನ್ನ ಫೋನಿನಲ್ಲಿ ಕೇಳಿಸೋದು. ನಗಬೇಡಿ, ಹಾಗೂ ಆಗುತ್ತಂತೆ! ಅವನು ಫೋನಿನಲ್ಲಿ ಒತ್ತಿದರೆ ಕರೆ ಇಂಟರ್ನೆಟ್ಟಿನಲ್ಲಿ ಬಂದು ಗೋಡೆಯ ಮೇಲಿನ ರೂಟರಿಗೆ ಮುಟ್ಟುತ್ತೆ. ರೂಟರ್ ಕಂಪ್ಯೂಟರನ್ನ ಎಬ್ಬಿಸುತ್ತೆ. ಆದರೆ ಆ ಡಬ್ಬಿಗೆ ಈಚೆಗೆ ಮರೆವು ಹಿಡಿದಿತ್ತು. ಮಲಗಿ ಸ್ವಲ್ಪ ಹೊತ್ತಾದವರನ್ನ ಮರೆತೇಬಿಡುತ್ತೆ. ಅಂಥವರು ಈ ಮನೆಯಲ್ಲಿ ಇಲ್ಲವೇ ಇಲ್ಲ ಅಂತ ಬಂದ ಕರೆಯನ್ನ ಬಿಸಾಕುತ್ತೆ. ಎರಡು ರಾತ್ರಿ ಕಂಪ್ಯೂಟರ್ ಏಳಲಿಲ್ಲ. ಎರಡು ರಾತ್ರಿಯೂ ಮಗು ಕಣ್ಣು ಮುಚ್ಚಲಿಲ್ಲ. ಕೊನೆಗೆ ರಿಪೇರಿಯವನೊಬ್ಬ ದಾರಿ ಹೇಳಿಕೊಟ್ಟನಂತೆ: "ಒಬ್ಬರ ಗುರುತು ಹಿಡಿದು ಕರೀಬೇಡಿ ಸಾರ್. ಮನೇಲಿ ಮಲಗಿರೋರೆಲ್ಲ ಏಳಿ ಅಂತ ಒಟ್ಟಿಗೆ ಕೂಗೋ ಹಾಗೆ ರೂಟರಿಗೆ ಹೇಳಿಡಿ."

ಹಾಗೇ ಮಾಡಿದ, ಪುಣ್ಯಾತ್ಮ. ನಮ್ಮವಳು ಪರದೆ ಕೊಟ್ಟು ಬರುತ್ತಿದ್ದದ್ದು ಅದೇ ರಾತ್ರಿ.

ನಮ್ಮವಳು ಬಾವಿ ಹತ್ತಿರ ಬಂದಳು. ಮನೆಯೊಳಗೆ ಕಟಕ್ ಅಂತು. ಆಮೇಲೆ ಸಣ್ಣ ಫ್ಯಾನು ತಿರುಗೋ ಸದ್ದು, ಗುರ್ರ್... ಕಂಪ್ಯೂಟರ್ ಎದ್ದಿತು ಅಂದುಕೊಂಡು ಎರಡು ಹೆಜ್ಜೆ ಇಟ್ಟಳು.

ಟಣ್... ಟಣ್... ಟಣ್.

ಬೀಗ ತೆಗೆದಳು. ಗಟ್ಟಿಗಿತ್ತಿ, ನಾನಾಗಿದ್ದರೆ ಮಾರು ದೂರ ಓಡಿರ್ತಿದ್ದೆ. ಹೊಸಿಲಲ್ಲೇ ನಿಂತು ಅವನಿಗೆ ಫೋನ್ ಮಾಡಿದಳು. ಪಿಸುಮಾತು.

"ಎಬ್ಬಿಸಿದ್ಯೇನೋ?"

"ಎಬ್ಬಿಸಿದೆ ಅಕ್ಕ. ಎದ್ದಿದೆ. ಕತೆ ಮಾತ್ರ ಶುರುವಾಗ್ತಿಲ್ಲ..."

"ಎದ್ದಿರೋದು ಅದೊಂದೇ ಅಲ್ಲ ಕಣೋ."

ಫೋನನ್ನ ನಡುಕೋಣೆಯ ಕಡೆ ಹಿಡಿದಳು. ಟಣ್... ಟಣ್... ಟಣ್.

"ಅಕ್ಕ... ಮೇನ್ ಸ್ವಿಚ್ ಆರಿಸಿಬಿಡು."

"ಒಳಗೆ ಹೋಗಿ ಏನು ಬೇಕು ಅಂತ ಕೇಳ್ಲೇನೋ?"

"ಬೇಡ! ಆರಿಸು ಅಂದ್ನಲ್ಲ!"

ಟಪ್. ಫ್ಯಾನು ಸುಂಯ್... ಅಂತ ಇಳಿದು ನಿಂತಿತು. ಕಂಪ್ಯೂಟರಿನ ನೀಲಿ ದೀಪ ಹೋಯಿತು. ಬಡಿಯೋದು ನಿಲ್ಲಲಿಲ್ಲ.

"ಇದನ್ನ ಮಲಗಿಸೋದು ಹೇಗೋ?"

"ರಿಪೇರಿಯವನು ಎಬ್ಬಿಸೋದು ಮಾತ್ರ ಹೇಳಿಕೊಟ್ಟಿದ್ದಾನೆ ಅಕ್ಕ..."

ಮೂರನೆಯ ದಿನ ಮಗಳನ್ನ ಕರಕೊಂಡು ಬಂದ. ಸದ್ದು ಅಷ್ಟರಲ್ಲಿ ನಿಂತಿತ್ತು. ಆದರೂ ಆ ಕೋಣೆಗೆ ಅವನು ಹೋಗಲಿಲ್ಲ. ಕಂಪ್ಯೂಟರ್ ಹೊತ್ತು ತಂದವರು ನಾನು, ನಮ್ಮವಳು. ಮೂರು ಅಂಗಡಿ ಅಲೆದ. ಓಡುತ್ತಿದ್ದಾಗಲೇ ಕರೆಂಟ್ ತೆಗೆದದ್ದಕ್ಕೆ ಡಿಸ್ಕು ಸತ್ತಿದೆ, ಒಳಗೆ ಏನೂ ಉಳಿದಿಲ್ಲ, ಅಂತ ಮೂವರದೂ ಒಂದೇ ಮಾತು. ಅದನ್ನ ಬಂದು ನಮ್ಮವಳಿಗೆ ಹೇಳುವಾಗ ಮಗು ಮೆಟ್ಟಿಲ ಮೇಲೇ ಕೂತಿತ್ತು. ಅಳಲಿಲ್ಲ. ಎದ್ದು ಸೀದಾ ನಡುಕೋಣೆಗೆ ಹೋಯಿತು. ಖಾಲಿ ಮಂಚದ ಕಾಲುಕಡೆ ಕೂತು, ಗದ್ದಕ್ಕೆ ಕೈಕೊಟ್ಟುಕೊಂಡಿತು.

ಕೋಣೆಯಲ್ಲಿ ಒಂದು ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗು, "ಹೂಂ" ಅಂತು.

ಮತ್ತೆ ಸುಮ್ಮನೆ. ಮತ್ತೆ, "ಹೂಂ..."

ಕತೆ ಕೇಳೋ ಮಕ್ಕಳು ಅಂತಾರಲ್ಲ, ಹಾಗೆ.

"ಯಾರು ಹೇಳ್ತಿದ್ದಾರೆ ಪುಟ್ಟಿ?" ಅಂದ ಅಪ್ಪ, ಬಾಗಿಲ ಆಚೆಯಿಂದ. ಮಗು ತುಟಿಯ ಮೇಲೆ ಬೆರಳಿಟ್ಟಿತು. ಆಗ ಬಂದ ನೋಡಿ ಒಳಗೆ! ಮಂಡಿಯೂರಿ ಬರೀ ಮಂಚಕ್ಕೆ ಕಿವಿ ಒತ್ತಿದ. "ನನಗೂ ಕೇಳಿಸೇ... ಒಂದೇ ಒಂದು ಸಲ" ಅಂತ ಗೋಗರೆದ. ಬೆಳಕು ಹೋಗೋವರೆಗೂ ಹಾಗೇ ಇದ್ದ. ಏನೂ ಕೇಳಿಸಲಿಲ್ಲ ಅವನಿಗೆ. ನಮಗೂ ಇಲ್ಲ.

ಅವತ್ತಿಂದ ಮಗು ಮಾತು ಬಿಟ್ಟಿತು. ಅಪ್ಪನ ಮುಖ ನೋಡೋದೂ ಬಿಟ್ಟಿತು. ಕಿವಿ ಸರಿ, ಗಂಟಲು ಸರಿ, ಅಂತಾರೆ ಡಾಕ್ಟರು. ಅವನು ಅಂಗಡಿ ಮುಚ್ಚಿ ಮಗುವಿನೆದುರು ಕೂತಿರುತ್ತಾನೆ, ಒಂದು ಮಾತಿಗೋಸ್ಕರ. ಹೋದ ವಾರ ನಾನೇ ನೋಡಿಕೊಂಡು ಬಂದೆ. ಸುಳ್ಳು ಹೇಳಿ ನನಗೇನಾಗಬೇಕು? ಪುಟ್ಟಿ ತಟ್ಟೆಯ ಮುಂದೆ ಕೂತಿದ್ದಳು. ತುತ್ತು ಕೈಯಲ್ಲೇ ನಿಲ್ಲಿಸಿ, "ಹೂಂ" ಅಂದಳು. ಇನ್ನೊಂದು ಸಲ, "ಹೂಂ." ಆಮೇಲೆ, ಯಾರೋ ನನ್ನ ವಿಷಯ ಏನೋ ಕೇಳಿದ ಹಾಗೆ, ತಲೆಯೆತ್ತಿ ನನ್ನನ್ನ ಮೇಲಿಂದ ಕೆಳಗಿನವರೆಗೆ ನೋಡಿ, "ಊಹೂಂ" ಅಂದಳು.