ಜಬೋಕನ ಕಾಗದದ ಹೆಸರು

ಹಲೋ... ಹಲೋ, ಯಾರು ಮಾತಾಡ್ತಿರೋದು? ಜೋಸಿಯಾನ್ ತಾನೇ? ನಾನು ಕಣೇ, ಅನ್ಸೆಲ್ಮಾ. ಹಾಂ, ಇನ್ನೂ ಕ್ಯಾಸ್ಟ್ರೀಸಲ್ಲೇ ಇದೀನಿ, ಕೋರ್ಟಿನ ಮೆಟ್ಟಿಲ ಮೇಲೆ ನಿಂತಿದೀನಿ. ನಿಮ್ಮಪ್ಪ ಮನೆಗೆ ಬಂದ್ರಾ?

...ಬಂದ್ರಾ. ಸದ್ಯ. ನಾನು ಪೇಟೆಯೆಲ್ಲಾ ಹುಡುಕಿ ಸಾಕಾದೆ. ಊಟ ಮಾಡಿದ್ರಾ?

...ಕೋಟೂ ಬಿಚ್ಚಿಲ್ವಾ. ದೀವಿಹಲಸು, ಉಪ್ಪುಮೀನು ಮುಂದಿಟ್ರೂ ಮುಟ್ಟಿಲ್ವಾ. ಏನಾದ್ರೂ ಅಂದ್ರಾ?

...ನನ್ನ ಹೆಸರೆತ್ತಬೇಡ ಅಂದ್ರಾ. ಅನ್ನಲಿ ಬಿಡು, ಅನ್ನೋ ಹಾಗೇ ಮಾಡಿದೀನಿ. ಫೋನು ಕೊಡು ಅವರ ಕೈಗೆ.

...ಬೇಡ್ವಂತಾ? ಹಾಗಾದ್ರೆ ನೀನು ಕೇಳಿಸ್ಕೊಂಡು ಅವರಿಗೆ ಹೇಳು. ಬಲಗಿವಿ ಕಡೆ ಜೋರಾಗಿ ಹೇಳು. ನಾಲ್ಕು ಗಂಟೆ ಒಳಗೆ ಅವರು ವಾಪಸ್ ಬಂದು ಮ್ಯಾಜಿಸ್ಟ್ರೇಟಮ್ಮನ ಮುಂದೆ ನಿಲ್ಲದಿದ್ರೆ ನಮ್ಮಮ್ಮನ ಮನೆ ಹೋಯ್ತು. ನಮ್ಮ ಜಾಗದ ಗಡಿ ಎಲ್ಲಿದೆ ಅಂತ ಕಣ್ಣಾರೆ ಕಂಡೋರು ಭೂಮಿ ಮೇಲೆ ಉಳಿದಿರೋದು ಅವರೊಬ್ರೇ. ಗಡಿಗುಂಟ ಕೆಂಪೆಲೆ ಗಿಡ ನೆಡುವಾಗ ಹಗ್ಗದ ಒಂದು ತುದಿ ನಮ್ಮಪ್ಪನ ಕೈಲಿತ್ತು, ಇನ್ನೊಂದು ತುದಿ ಅವರ ಕೈಲಿತ್ತು. ಹೇಳು.

...ತಡ ಯಾಕಾಯ್ತಾ? ಕೇಳು, ನೀನೂ ನಗು. ನಂಗೆ ಕೋರ್ಟು ಅಂದ್ರೆ ಒಂದೇ, ಚರ್ಚಿನ ಪಕ್ಕದ ಹಳದಿ ಕಟ್ಟಡ. ನಮ್ಮಣ್ಣನ ಕೇಸು ನಡೆದದ್ದು ಅಲ್ಲೇ ಅಲ್ವಾ? ಎಂಟು ಗಂಟೆಗೇ ಹೋಗಿ ಮೆಟ್ಟಿಲ ಮೇಲೆ ಕೂತೆ. ಒಂಬತ್ತಾದ್ರೂ ಒಂದು ನರಪಿಳ್ಳೆ ಇಲ್ಲ. ಕಾವಲಿನೋನು ಬಂದು, ಇದು ಮುಚ್ಚಿ ನಾಲ್ಕು ವರ್ಷ ಆಯ್ತಮ್ಮ, ಏನು ಕಾಯ್ತಿದೀರಾ ಅಂದ. ನ್ಯಾಯ ಅಂದೆ. ನಕ್ಕ.

...ಹಾಂ, ಅವನು ಕಳಿಸಿದ್ದು ಕಡಲ ಕಡೆ, ಗಾಜಿನ ಕಟ್ಟಡಕ್ಕೆ. ಅಲ್ಲಿ ಗಂಡ ಹೆಂಡ್ತಿ ಜಗಳ ಮಾತ್ರವಂತೆ. ಒಬ್ಬಳು ನನ್ನ ಕೈಗೊಂದು ಫಾರಂ ತುರುಕಿ ಗಂಡನ ಹೆಸರೇನು ಅಂತ ಕೇಳಿದ್ಲು. ನಂಗೆ ಗಂಡನೇ ಇಲ್ಲ ತಾಯಿ, ಜಾಗದ ತಕರಾರು ಅಂದೆ. ಹಾಗಾದ್ರೆ ಗುಡ್ಡದ ಮೇಲಿನ ದೊಡ್ಡ ಕೋರ್ಟು ಅಂದ್ಲು. ಈ ಮಂಡಿ ಇಟ್ಕೊಂಡು ಗುಡ್ಡ ಹತ್ತಿದೆ. ಅಲ್ಲಿ ಕೋರ್ಟಿಂದ ಬಂದ ನನ್ನ ಚೀಟಿ ನೋಡಿ, ಇದು ಚಿಕ್ಕ ಕೋರ್ಟಿಂದು, ಕೆಳಗೆ ಚಪ್ಪಲಿ ಅಂಗಡಿ ಇದೆಯಲ್ಲ, ಅದರ ಮಹಡಿ ಮೇಲೆ ಅಂದ್ರು. ಅಂಗೈಯಗಲ ಪೇಟೆ, ಅದಕ್ಕೆ ನಾಲ್ಕು ಕೋರ್ಟು. ಚಪ್ಪಲಿ ಅಂಗಡಿ ಮೇಲೆ ನ್ಯಾಯ ಕೊಡ್ತಾರೆ ಅಂತ ನಂಗೇನು ಕನಸು ಬೀಳುತ್ತಾ?

...ಹೌದು, ನಿಮ್ಮಪ್ಪ ಏಳಕ್ಕೇ ಬಂದಿದ್ರಂತೆ. ಸೀದಾ ಸರಿಯಾದ ಜಾಗಕ್ಕೇ ಬಂದಿದ್ರಂತೆ. ಓದೋಕೆ ಬರದ ಮನುಷ್ಯ ಚೀಟಿ ತೋರಿಸಿ ತೋರಿಸಿ ಕೇಳ್ಕೊಂಡು ಬಂದ್ರು. ಓದೋಕೆ ಬರೋ ನಾನು ಗುಡ್ಡ ಹತ್ತಿದೆ.

...ಅದನ್ನೇ ಹೇಳ್ತಿದೀನಿ, ತಾಳು. ಹತ್ತೂಕಾಲಿಗೆ ಏದುಸಿರು ಬಿಡ್ತಾ ಒಳಗೆ ಹೋದೆ. ಆಗಲೇ ನಮ್ಮ ಕೇಸು ಕೂಗಿ ಆಗಿತ್ತು. ಕತ್ಬರ್ಟು ಮುಂದಿನ ಬೆಂಚಲ್ಲಿ ಟೈ ಕಟ್ಕೊಂಡು ಕೂತಿದ್ದ. ಮೂವತ್ತು ವರ್ಷ ಇಂಗ್ಲೆಂಡಲ್ಲಿದ್ದು ಬಂದು, ನಮ್ಮಮ್ಮನ ಮನೆ ಅರ್ಧ ತನ್ನ ಜಾಗದಲ್ಲಿದೆ, ಕಿತ್ತು ಹಾಕ್ಲಿ ಅಂತಾನಲ್ಲ, ಅವನನ್ನ ಚಿಕ್ಕಪ್ಪನ ಮಗ ಅಂತ ಹೇಳ್ಕೊಳ್ಳೋಕೂ ನಾಚಿಕೆ. ನನ್ನನ್ನ ನಿಲ್ಲಿಸಿ, ಬೈಬಲ್ ಮೇಲೆ ಕೈ ಇಡಿಸಿದ್ರು. ಇನ್ನೂ ಉಸಿರು ಸರಿಯಾಗಿಲ್ಲ. ಮ್ಯಾಜಿಸ್ಟ್ರೇಟಮ್ಮ ಕಾಗದ ನೋಡಿ ಕೇಳಿದ್ರು, ಎವರಿಸ್ಟಸ್ ಮಾಂಡೇಸಿರ್ ನಿಮಗೆ ಗೊತ್ತಾ ಅಂತ.

...ಹೂಂ ಕಣೇ. ಗೊತ್ತಿಲ್ಲ ಅಂದೆ.

...ನಿಂಗೆ ಗೊತ್ತಿರುತ್ತೆ, ನೀನು ಮಗಳು. ನಂಗೆ ಹೇಗೆ ಗೊತ್ತಾಗ್ಬೇಕು? ಹುಟ್ಟಿದಾಗಿಂದ ನಂಗೆ ಅವರು ಜಬೋಕ. ಬೆಣ್ಣೆಹಣ್ಣಿನ ಬುಟ್ಟಿ ಹೊತ್ಕೊಂಡು ಜಬೋಕ, ಜಬೋಕ ಅಂತ ಕೂಗ್ತಾ ಬರ್ತಿದ್ರು, ಅದೇ ಹೆಸರು ನಿಂತ್ಕೊಂಡ್ತು. ನಮ್ಮೂರಲ್ಲಿ ಯಾರಿಗೆ ಯಾರ ಕಾಗದದ ಹೆಸರು ಗೊತ್ತಿದೆ ಹೇಳು. ಸತ್ತ ಮೇಲೆ ರೇಡಿಯೋದಲ್ಲಿ ಹೇಳಿದಾಗಲೇ ಅಲ್ವಾ ಗೊತ್ತಾಗೋದು? ಊರಲ್ಲಿ ಇಂಥ ಹೆಸರಿಂದ ಕರೀತಿದ್ರು ಅಂತ ಕೊನೇಲಿ ಸೇರಿಸದಿದ್ರೆ ಮಣ್ಣಿಗೆ ಒಬ್ಬರೂ ಬರಲ್ಲ. ಗುಮಾಸ್ತನಿಗೆ ನಾನು ಬರೆಸಿದ್ದು, ಸಾಕ್ಷಿ ಜಬೋಕ, ಆನ್ಸ್ ಲಾ ರೇ, ಮೀನು ಒಣಗಿಸೋ ಜಾಗದ ಹಿಂದೆ. ಚೀಟಿ ತಂದ ಪೊಲೀಸಿನೋನು ಊರಲ್ಲಿ ವಿಚಾರಿಸಿ, ಓಟಿನ ಪಟ್ಟಿ ನೋಡಿ ತಿದ್ದಿದಾನೆ. ನಂಗ್ಯಾರೂ ಹೇಳ್ಲಿಲ್ಲ.

...ಅಷ್ಟಕ್ಕೇ ನಿಲ್ಲಿಸಿದ್ರೆ ಆಗ್ತಿತ್ತು. ಈ ಬಾಯಿ ಇದೆಯಲ್ಲ. ನಾನು ಏನು ಅಂದ್ಕೊಂಡೆ ಗೊತ್ತಾ, ಕತ್ಬರ್ಟು ಯಾರೋ ಸುಳ್ಳು ಸಾಕ್ಷಿ ತಂದಿದಾನೆ ಅಂತ. ಅಂಥ ಮನುಷ್ಯನ್ನ ನಾನು ಕಂಡೇ ಇಲ್ಲ, ರಮ್ಮಿನ ಆಸೆಗೆ ಬಂದ ಯಾವನೋ ಇರ್ಬೇಕು ಅಂದುಬಿಟ್ಟೆ. ತುಂಬಿದ ಕೋರ್ಟಲ್ಲಿ ಅಂದೆ. ನನ್ನ ಬೆನ್ನು ಬಾಗಿಲ ಕಡೆ ಇತ್ತು.

...ಹಾಂ. ಅವರು ಬಾಗಿಲಲ್ಲೇ ನಿಂತಿದ್ರು, ಟೋಪಿ ಕೈಲಿ ಹಿಡ್ಕೊಂಡು. ಅವರ ಹೆಸರು ಕೂಗಿದ್ರು ಅಂತ ಎದ್ದು ಬಂದಿದ್ರು. ಆಮೇಲೆ ಪೊಲೀಸಿನೋನು ಹೇಳಿದ, ಕಂದು ಕೋಟಿನ ಮುದುಕರೇ ಮಾಂಡೇಸಿರ್, ನಿಮ್ಮ ಮಾತು ಕೇಳಿ ಇಳಿದು ಹೋದ್ರು ಅಂತ. ಕಂದು ಕೋಟು ಅಂದ ತಕ್ಷಣ ಯಾರು ಅಂತ ಗೊತ್ತಾಯ್ತು. ನಮ್ಮಮ್ಮನ ಶವಪೆಟ್ಟಿಗೆ ಹೆಗಲ ಮೇಲೆ ಹೊತ್ತಾಗ ಹಾಕ್ಕೊಂಡಿದ್ದ ಕೋಟು ಅದು.

...ಓಡಿದೆ. ಬಸ್ ನಿಲ್ಲೋ ಕಡೆ, ಮಾರ್ಕೆಟ್ ಕಡೆ, ಎಲ್ಲೂ ಇಲ್ಲ. ಮತ್ತೆ ಹತ್ತಿ ಬಂದು ಮ್ಯಾಜಿಸ್ಟ್ರೇಟಮ್ಮನ ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಬೇಡ್ಕೊಂಡೆ. ನಾಲ್ಕರ ತನಕ ಟೈಮ್ ಕೊಟ್ಟಿದಾರೆ. ಈಗ ಒಂದೂವರೆ. ಹೇಳು ಅವರಿಗೆ, ಬೇಕಾದ್ರೆ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ.

...ಏನು, ಅವರೇ ಮಾತಾಡ್ತಾರಂತಾ? ಕೊಡು, ಬೇಗ ಕೊಡು.

...ಮಾವ? ಜಬೋಕ ಮಾವ, ನಾನು ಅನ್ಸೆಲ್ಮಾ. ಕೇಳಿಸ್ತಿದೆಯಾ?

...ಗೊತ್ತು ಮಾವ. ನೀವು ಬೈಯಿರಿ. ನಿಮ್ಮ ತೊಡೆ ಮೇಲೆ ಬೆಳೆದೋಳು ನಾನು, ಐವತ್ತೆರಡು ವರ್ಷದಲ್ಲಿ ಒಂದು ದಿನ ನಿಮ್ಮ ಹೆಸರೇನು ಅಂತ ಕೇಳಿಲ್ಲ. ಕೇಳ್ಬೇಕಿತ್ತು. ಅದು ನನ್ನ ತಪ್ಪೇ. ಆದ್ರೆ ನಿಮ್ಮನ್ನ ಗೊತ್ತಿಲ್ಲ ಅಂದದ್ದಲ್ಲ ಮಾವ, ಆ ಹೆಸರು ಗೊತ್ತಿಲ್ಲ ಅಂದದ್ದು.

...ಎರಡೂ ಒಂದೇನಾ. ಸರಿ, ನಿಮಗೆ ಒಂದೇ. ಈಗ ಬಸ್ ಹತ್ತಿ ಮಾವ, ಮುಕ್ಕಾಲು ಗಂಟೇಲಿ ಬರ್ತೀರಾ. ನಾನು ಕೆಳಗೇ ನಿಂತಿರ್ತೀನಿ.

...ಯಾಕೆ ಆಗಲ್ಲ?

...ಯಾವ ಜೀಪು?

...ಕತ್ಬರ್ಟಾ? ಅವನು ತಂದು ಬಿಟ್ನಾ ನಿಮ್ಮನ್ನ?

...ಹಾಂ. ಮೆಟ್ಟಿಲ ಕೆಳಗೇ ಕಾಯ್ತಿದ್ನಾ. ಮಿಸ್ಟರ್ ಮಾಂಡೇಸಿರ್ ಅಂದ್ನಾ. ಕೈ ಕುಲುಕಿದ್ನಾ. ಬಾಗಿಲು ತೆಗೆದು ಕೂರಿಸಿದ್ನಾ. ಕೂರಿಸ್ತಾನೆ, ಯಾಕೆ ಕೂರಿಸಲ್ಲ. ಕೋರ್ಟಿನ ಕಾಗದ ಓದಿದೋನು, ಹೆಸರು ಗೊತ್ತಿರುತ್ತೆ ಅವನಿಗೆ. ಆಮೇಲೆ?

...ಎಂಥ ಕಾಗದ ಮಾವ?

...ಓದಿ ಹೇಳಿದ್ನಾ? ಏನಂತ?

...ಇನ್ನೊಂದ್ಸಲ ಹೇಳಿ.

...ಎವರಿಸ್ಟಸ್ ಮಾಂಡೇಸಿರ್ ಅನ್ನೋ ನನಗೆ ಆ ಗಡಿ ಯಾರು ಹಾಕಿದ್ದು ಗೊತ್ತಿಲ್ಲ, ನಾನು ಅಲ್ಲಿರಲಿಲ್ಲ. ಹೀಗೇನಾ ಇದ್ದದ್ದು? ಇಷ್ಟು ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿದ್ರಾ?

...ಅವಳಿಗೆ ನಾನು ಗೊತ್ತಿಲ್ಲ ಅಂದ್ಮೇಲೆ ನನಗೂ ಏನೂ ಗೊತ್ತಿಲ್ಲ ಅಂತ ಒತ್ತಿದ್ರಾ. ಸರಿ. ಸರಿ ಮಾವ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇವತ್ತು ಈ ಪೇಟೆಯಲ್ಲಿ ನಂಗೆ ಸಿಕ್ಕ ನ್ಯಾಯ ಅದೊಂದೇ.

...ಅಳಬೇಡಿ. ಜೋಸಿಯಾನ್ ನೋಡಿದ್ರೆ ಗಾಬರಿ ಆಗ್ತಾಳೆ. ನಾನೂ ಅಳಲ್ಲ, ಇಲ್ಲಿ ಜನ ಓಡಾಡ್ತಿದಾರೆ.

...ಇಲ್ಲ, ಅವನಿಗೆ ಏನೂ ಹೇಳಬೇಡಿ. ಹರಿದು ಹಾಕು ಅಂದ್ರೆ ಹಾಕ್ತಾನಾ? ನಾಲ್ಕಕ್ಕೆ ಅದನ್ನೇ ತಂದು ಮೇಜಿನ ಮೇಲೆ ಇಡ್ತಾನೆ.

...ಈಗ ಬಂದ್ರೆ ಏನು ಹೇಳ್ಬೇಕು ಅಂತಾನಾ? ನಂಗೇನು ಗೊತ್ತು ಮಾವ. ನಿಮ್ಮನ್ನ ಕಂಡೇ ಇಲ್ಲ ಅಂತ ನಾನು ಬೈಬಲ್ ಮುಟ್ಟಿ ಹೇಳಿದೀನಿ. ನಮ್ಮಪ್ಪನ ಹಗ್ಗ ಹಿಡಿದೇ ಇಲ್ಲ ಅಂತ ನೀವು ಹೆಬ್ಬೆಟ್ಟು ಒತ್ತಿ ಹೇಳಿದೀರಾ. ಇಬ್ರೂ ಕೋರ್ಟಿಗೆ ಬಂದದ್ದು ಒಂದು ಮನೆ ಉಳಿಸೋಕೆ, ಅಲ್ವಾ?

...ಗೊಣಗಬೇಡಿ, ಬಿಡಿಸಿ ಹೇಳಿ. ಲೈನು ಸರಿಯಿಲ್ಲ. ಬಂದು ನಿಲ್ಲಿ ಸಾಕು, ಆ ಕಾಗದ ಸುಳ್ಳು ಅಂತ ಒಂದು ಮಾತು ಹೇಳಿ, ಬೈಸಿಕೊಳ್ಳೋದು ನಾನು ಬೈಸಿಕೊಳ್ತೀನಿ. ಎರಡು ಗಂಟೆ ಬಸ್ಸಿದೆ. ಏನಂತೀರಾ?

...ಬರ್... ಏನು? ಬರ್ ಅಂದ್ರಲ್ಲ, ಆಮೇಲೆ ಏನಂದ್ರಿ? ಬರ್ತೀನಿ ಅಂದ್ರಾ, ಬರಲ್ಲ ಅಂದ್ರಾ? ಮಾವ?... ಹಲೋ... ಮಾಂಡೇಸಿರ್ ಅವರೇ... ಹಲೋ...